ಹಾರ್ಮೋನಿನ ಸಮತೋಲ: ಪ್ರಕೃತಿಯ ಹೆಸರಿನಲ್ಲಿ ನಾವು ಕೇಳದ ಪ್ರಶ್ನೆಗಳು

(ಹೈದರಾಬಾದಿನಲ್ಲಿ ನಮ್ಮ ಸಂಘದ ಮಹಿಳಾ ವಿಭಾಗವು ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಹಿಳಾ ವಿಭಾಗದವರು ನನಗೆ ಕೊಟ್ಟಿರುವ ವಿಷಯ 'ಸ್ತ್ರೀಯರ ಹಾರ್ಮೋನು ಸಮತೋಲನ ಮತ್ತು ನೈಸರ್ಗಿಕ ಉಪಾಯಗಳು'. ನಾನು ವೈದ್ಯೆಯಲ್ಲ. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಕೇಂದ್ರ ಸರ್ಕಾರದ ಲೆಕ್ಕ ಪರಿಶೋಧನೆಯ ಕೆಲಸದಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಸವೆದವಳು. ಯಾರೇ ಏನೇ ಹೇಳಿದರೂ 'ವೋಚರು ಎಲ್ಲಿದೆ?' ಎಂದು ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಮನೆಯವರಿಗೆ ಇದರಿಂದ ತೊಂದರೆಯಾಗಿದೆ. ಈ ಸಂಜೆ ನಿಮಗೂ ಆಗಬಹುದು. ನಮ್ಮ ತಾಯಂದಿರ ಪೀಳಿಗೆಗೆ ಇಂಥ ಮಾತುಗಳನ್ನು ನಾಚಿಕೆಯಿಲ್ಲದ, ಆದರೆ ಮರ್ಯಾದೆಯುಳ್ಳ ಕನ್ನಡದಲ್ಲಿ ಹೇಳಿಕೊಟ್ಟವರು ಡಾ. ಅನುಪಮಾ ನಿರಂಜನ. ಅವರು 1991ರಲ್ಲಿ ತೀರಿಕೊಂಡರು. ಅವರ 'ತಾಯಿ ಮಗು', 'ವಧುವಿಗೆ ಕಿವಿಮಾತು' ಎಷ್ಟೋ ಮನೆಗಳ ಕಪಾಟಿನಲ್ಲಿ ಸೀರೆಯ ಮಡಿಕೆಗಳ ನಡುವೆ ಇದ್ದವು. ನಮ್ಮ ಮನೆಯಲ್ಲಿಯೂ ಇದ್ದವು. ನನ್ನ ಈ ಧೈರ್ಯಕ್ಕೆ ಅವೂ ಒಂದು ಕಾರಣ.

ಮೊದಲು 'ಸಮತೋಲ' ಎಂಬ ಮಾತನ್ನೇ ನೋಡೋಣ. ಹಾರ್ಮೋನ್ ಎಂಬ ಶಬ್ದವನ್ನು 1905ರಲ್ಲಿ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞ ತನ್ನ ಉಪನ್ಯಾಸದಲ್ಲಿ ಬಳಕೆಗೆ ತಂದ. ಚಲನೆಗೆ ಹಚ್ಚುವುದು, ಪ್ರಚೋದಿಸುವುದು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಶಬ್ದ ಅದು. ದೇಹದ ಒಂದೆಡೆಯ ಗ್ರಂಥಿ ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಬಿಡುವ ವಸ್ತು ಇನ್ನೊಂದೆಡೆಯ ಅಂಗಕ್ಕೆ ಆಜ್ಞೆಯಾಗಿ ತಲುಪುತ್ತದೆ. ಇದನ್ನು ತಕ್ಕಡಿಯ ಎರಡು ತಟ್ಟೆಗಳಂತೆ ಸಮವಾಗಿ ನಿಲ್ಲಬೇಕಾದ ವಸ್ತುವೆಂದು ಭಾವಿಸುವುದರಿಂದಲೇ ನಮ್ಮ ಗೊಂದಲ ಶುರುವಾಗುತ್ತದೆ. ಸ್ತ್ರೀಯ ಅಂಡಾಶಯದಿಂದ ಸ್ರವಿಸುವ ಈಸ್ಟ್ರೋಜೆನ್ ತಿಂಗಳಿನ ಒಂದು ಭಾಗದಲ್ಲಿ ಏರುತ್ತದೆ, ಇನ್ನೊಂದು ಭಾಗದಲ್ಲಿ ಇಳಿಯುತ್ತದೆ. ಪ್ರೊಜೆಸ್ಟರೋನ್ ತನ್ನ ಸರದಿಯಲ್ಲಿ ಏರಿ ಇಳಿಯುತ್ತದೆ. ಆ ಏರಿಳಿತವೇ ಆರೋಗ್ಯ. ನಲವತ್ತು ದಾಟಿದ ಮೇಲೆ ಈ ಲಯ ತಪ್ಪತೊಡಗುತ್ತದೆ. ನಮ್ಮ ದೇಶದಲ್ಲಿ ಸರಾಸರಿ 46-47ರ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ, ಪಾಶ್ಚಾತ್ಯರಲ್ಲಿ ಸುಮಾರು 51ಕ್ಕೆ. ಈ ಲಯ ತಪ್ಪುವುದೂ ಪ್ರಕೃತಿಯೇ. ಅದನ್ನು 'ಅಸಮತೋಲನ' ಎಂಬ ರೋಗವನ್ನಾಗಿ ಮಾಡಿ ಅದಕ್ಕೊಂದು ಡಬ್ಬಿ ಮಾರುವವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮುಂಚೆ ನನ್ನ ಅಕ್ಕನ ವಿಷಯ ಹೇಳಬೇಕು. ಆಕೆಯ ಅನುಮತಿ ಪಡೆದೇ ಹೇಳುತ್ತಿದ್ದೇನೆ.

ಅಕ್ಕನನ್ನು ಕಲಬುರ್ಗಿ ಜಿಲ್ಲೆಯ ಒಂದು ಊರಿಗೆ ಕೊಟ್ಟಿತ್ತು. 34ನೆಯ ವಯಸ್ಸಿನಲ್ಲಿ ಆಕೆಗೆ ಅತಿಸ್ರಾವ ಶುರುವಾಯಿತು. ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂದೇ ಭೇಟಿಯಲ್ಲಿ ತೀರ್ಮಾನವಾಯಿತು. "ಮಕ್ಕಳಾಗ್ಯಾವಲ್ಲ, ಇನ್ನ ಆ ಚೀಲ ಇಟ್ಕೊಂಡು ಏನ್ ಮಾಡ್ತೀ? ನಾಳೆ ಕ್ಯಾನ್ಸರ್ ಆದ್ರ?" ಎಂದರಂತೆ. ಭಾವನವರು ಎಮ್ಮೆ ಮಾರಿದರು. ಉಳಿದ ಹಣ ನಾನು ಕಳಿಸಿದೆ. ಶಸ್ತ್ರಕ್ರಿಯೆಯಾದ ಮೇಲೆ ಬಿಲ್ಲು, ಡಿಸ್ಚಾರ್ಜ್ ಚೀಟಿ ಎಲ್ಲವನ್ನೂ ಭಾವನವರು ನನ್ನ ಕೈಗಿತ್ತು, "ಸರಿ ಅದನೋ ನೋಡವಾ, ನೀ ಲೆಕ್ಕದಾಕಿ" ಎಂದರು. ನಾನು ನೋಡಿದೆ. ಔಷಧದ ಮೊತ್ತ, ಕೋಣೆಯ ಬಾಡಿಗೆ, ಕೂಡಿಸಿದ ಒಟ್ಟು ಎಲ್ಲವೂ ತಾಳೆಯಾದವು. ಸರಿಯಿದೆ ಎಂದೆ.

ಆ ವರ್ಷವೇ ಅಕ್ಕನಿಗೆ ರಾತ್ರಿಯೆಲ್ಲ ನಿದ್ರೆಯಿಲ್ಲ. "ತಂಗೀ, ಮೈಯಾಗ ಬೆಂಕಿ ಹತ್ತಿದಂಗ ಆಗ್ತದ, ಸೆರಗು ಹಿಂಡಿದ್ರ ನೀರು ಬರ್ತದ" ಎನ್ನುತ್ತಿದ್ದಳು. ಅತ್ತೆಯ ಮನೆಯವರು ದೃಷ್ಟಿ ತೆಗೆದರು. ನಾನು ಇಲ್ಲಿಂದ ಶತಾವರಿ ಲೇಹ್ಯ ಒಯ್ದುಕೊಟ್ಟೆ; 'ನೈಸರ್ಗಿಕವಾದದ್ದು, ತೊಂದರೆಯಿಲ್ಲ' ಎಂದು ನಾನೇ ಹೇಳಿದೆ. ಹೀಗೆ ಹತ್ತು ಹನ್ನೊಂದು ವರ್ಷ ಲೇಹ್ಯ, ಚೂರ್ಣ, ಕಷಾಯಗಳಲ್ಲೇ ಕಳೆದವು. 45ನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಕೈಯೂರಿ ಕುಳಿತದ್ದಷ್ಟೇ, ಮಣಿಕಟ್ಟಿನ ಎಲುಬು ಮುರಿಯಿತು. ಇಲ್ಲಿಗೆ ಕರೆತಂದೆ. ಎಲುಬಿನ ವೈದ್ಯರು ಚಿತ್ರ ನೋಡಿ, ಇದು ಎಪ್ಪತ್ತು ವರ್ಷದವರ ಎಲುಬು, ಗರ್ಭಕೋಶದ ಜೊತೆಗೆ ಇನ್ನೇನಾದರೂ ತೆಗೆದಿದ್ದರೇ ಎಂದು ಕೇಳಿದರು. ಊರಿನಿಂದ ಹಳೆಯ ಚೀಟಿ ತರಿಸಿದೆವು. ಎರಡೂ ಅಂಡಾಶಯಗಳನ್ನು ತೆಗೆಯಲಾಗಿದೆ ಎಂದು ಅದರಲ್ಲಿ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಬರೆದಿತ್ತು. ಹನ್ನೊಂದು ವರ್ಷಗಳ ಹಿಂದೆ ನಾನು ಅದೇ ಹಾಳೆಯ ಮೊತ್ತಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿದ್ದೆ. ಆ ಗುರುತುಗಳೂ ಹಾಗೆಯೇ ಇದ್ದವು. ಅಂಕಿಗಳನ್ನು ಓದಿದವಳು ಅಕ್ಷರಗಳನ್ನು ಓದಿರಲಿಲ್ಲ.

ಅಂಡಾಶಯವನ್ನು ತೆಗೆದರೆ ಈಸ್ಟ್ರೋಜೆನ್ ಮೆಲ್ಲಮೆಲ್ಲನೆ ಇಳಿಯುವುದಿಲ್ಲ, ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಹತ್ತಾರು ವರ್ಷ ಮೆಟ್ಟಿಲಿಳಿಯಬೇಕಾದವರನ್ನು ಮಾಳಿಗೆಯಿಂದ ನೂಕಿದಂತೆ. ಎಲುಬಿನ ಸುಣ್ಣವನ್ನು ಹಿಡಿದಿಡುವ, ರಕ್ತನಾಳಗಳನ್ನು ಕಾಯುವ ವಸ್ತು ಅದು. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದರೂ ಅನೇಕರಲ್ಲಿ ಅದರ ಕೆಲಸ ನಿಗದಿತ ಕಾಲಕ್ಕಿಂತ ಕೆಲವು ವರ್ಷ ಮೊದಲೇ ನಿಂತುಬಿಡುತ್ತದೆ. ಅಕ್ಕನ ಅತಿಸ್ರಾವಕ್ಕೆ ಥೈರಾಯ್ಡ್ ಕಾರಣವೋ, ಗಡ್ಡೆಯೋ, ಬೇರೇನೋ ಎಂದು ಯಾರೂ ನೋಡಲಿಲ್ಲ. ಮಾತ್ರೆಗಳಿವೆ, ಗರ್ಭಕೋಶದೊಳಗಿಡುವ ಹಾರ್ಮೋನಿನ ಸಾಧನವಿದೆ. ಮೊದಲು ಇವುಗಳನ್ನು ಪ್ರಯತ್ನಿಸಿ ನೋಡುವುದು ಕ್ರಮ. ಶಸ್ತ್ರಕ್ರಿಯೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರಿಗೆ ಅದು ಪ್ರಾಣ ಉಳಿಸುತ್ತದೆ; ಬೇರೆ ಚಿಕಿತ್ಸೆಗೆ ಬಗ್ಗದ ದೊಡ್ಡ ಗಡ್ಡೆಗೂ ಅದು ಬೇಕಾಗಬಹುದು. ಕೇಳದೆ, ಹೇಳದೆ, ಮೊದಲ ಭೇಟಿಯಲ್ಲೇ ತೆಗೆಯುವುದರ ಬಗ್ಗೆ ನನ್ನ ಆಕ್ಷೇಪ.

ಇದು ಒಬ್ಬ ಅಕ್ಕನ ಕಥೆಯಾಗಿದ್ದರೆ ಸಭೆಯ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಇಡೀ ದೇಶದಲ್ಲಿ ನೂರಕ್ಕೆ 3.2. ಆಂಧ್ರಪ್ರದೇಶದಲ್ಲಿ 8.9, ನಾವಿರುವ ತೆಲಂಗಾಣದಲ್ಲಿ 7.7. ಶಸ್ತ್ರಕ್ರಿಯೆಗಳಲ್ಲಿ ಮೂರನೆಯ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ಆದವು. ಆಂಧ್ರ, ತೆಲಂಗಾಣದ ಹೆಂಗಸರ ಗರ್ಭಕೋಶ ಮಾತ್ರ ಇತರ ರಾಜ್ಯದವರದಕ್ಕಿಂತ ಎರಡು ಪಟ್ಟು ಹೆಚ್ಚು ಕೆಡುತ್ತದೆಯೇ? ಇಂಥ ಅಂಕಿಗಳು ಯಾವುದಾದರೂ ಇಲಾಖೆಯ ಖರ್ಚಿನ ಪಟ್ಟಿಯಲ್ಲಿ ಕಂಡಿದ್ದರೆ ನಾನು ಅಂದೇ ಆಕ್ಷೇಪಣೆ ಬರೆಯುತ್ತಿದ್ದೆ. ಹಿಂದೆ ನಿಜಾಮರ ಆಳ್ವಿಕೆಯಲ್ಲಿ ನಮ್ಮೊಂದಿಗೇ ಇದ್ದ ಕಲಬುರ್ಗಿಯಲ್ಲಿ, ಲಂಬಾಣಿ ತಾಂಡಾಗಳ ಎಳೆಯ ವಯಸ್ಸಿನ ಹೆಂಗಸರ ಗರ್ಭಕೋಶಗಳನ್ನು ಹೀಗೆಯೇ ತೆಗೆದ ಸಂಗತಿ 2015ರಲ್ಲಿ ಬಯಲಿಗೆ ಬಂತು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ ಪತ್ರಿಕೆಗಳಲ್ಲಿ ಬಂತು. ಮುಟ್ಟಿನ ದಿನ ಕೆಲಸ ತಪ್ಪಿದರೆ ದಂಡ ತೆರಬೇಕಾಗುತ್ತದೆಂದು ಅವರು ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು. ಏಪ್ರಿಲ್ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅನಾವಶ್ಯಕ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರವು ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಆದೇಶಕ್ಕೂ ಆಚರಣೆಗೂ ನಡುವಿನ ದೂರವನ್ನು ಸರ್ಕಾರಿ ನೌಕರಳಾದ ನಾನು ನಿಮಗೆ ವಿವರಿಸಬೇಕಾಗಿಲ್ಲ.

ಇನ್ನು ನೈಸರ್ಗಿಕ ಉಪಾಯಗಳು. ಪ್ರಕೃತಿಯಿಂದ ಬಂದದ್ದೆಲ್ಲ ನಿರುಪದ್ರವಿ ಎಂಬ ನಂಬಿಕೆಗೆ ಆಸ್ಟ್ರೇಲಿಯದ ಕುರಿಗಳು 1940ರ ದಶಕದಲ್ಲಿಯೇ ಉತ್ತರ ಕೊಟ್ಟಿವೆ. ಅಲ್ಲಿ ಒಂದು ಜಾತಿಯ ಕ್ಲೋವರ್ ಹುಲ್ಲು ಮೇಯ್ದ ಕುರಿಗಳು ಗಬ್ಬವಾಗದೆ ಹೋದವು. ಹುಲ್ಲಿನಲ್ಲಿ ಈಸ್ಟ್ರೋಜೆನ್ನಿನಂತೆ ವರ್ತಿಸುವ ವಸ್ತುವಿತ್ತು. ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು. ಮೆಕ್ಸಿಕೋದ ಕಾಡುಗೆಣಸಿನಿಂದ ಪ್ರೊಜೆಸ್ಟರೋನ್ ತಯಾರಿಸುವ ವಿಧಾನವನ್ನು ರಸೆಲ್ ಮಾರ್ಕರ್ ಎಂಬ ರಸಾಯನಶಾಸ್ತ್ರಜ್ಞ ಅದೇ ದಶಕದಲ್ಲಿ ಬಳಕೆಗೆ ತಂದ. ಅದನ್ನು ಕೇಳಿ, ಅದೇ ಗೆಣಸಿನ ಮುಲಾಮನ್ನು 'ನೈಸರ್ಗಿಕ ಪ್ರೊಜೆಸ್ಟರೋನ್' ಎಂದು ಮಾರುವವರಿದ್ದಾರೆ. ಪ್ರಯೋಗಶಾಲೆಯಲ್ಲಿ ಆಗುವ ಆ ಬದಲಾವಣೆ ನಮ್ಮ ದೇಹದಲ್ಲಿ ಆಗುವುದಿಲ್ಲ.

ನಮ್ಮ ಶತಾವರಿಗೆ ಕನ್ನಡದಲ್ಲಿ 'ಹಲವು ಮಕ್ಕಳ ತಾಯಿ ಬೇರು' ಎಂಬ ಚೆಂದದ ಹೆಸರಿದೆ. ಹೆಸರು ಚೆಂದವೆಂದು ಅದು ಇಲ್ಲದ ಅಂಡಾಶಯದ ಕೆಲಸ ಮಾಡಲಾರದು. ಅಶೋಕದ ವಿಷಯ ಇನ್ನೂ ಸ್ವಾರಸ್ಯಕರ. ಅತಿಸ್ರಾವಕ್ಕೆ ಆಯುರ್ವೇದ ಹೇಳುವುದು ಕೆಂಪು ಹೂಗೊಂಚಲಿನ ಸೀತಾ ಅಶೋಕದ ತೊಗಟೆಯನ್ನು. ಆ ಮರ ಕಾಡಿನಲ್ಲಿ ವಿರಳವಾಗುತ್ತಿದೆ. ಹೈದರಾಬಾದಿನ ಪ್ರತಿ ಕಾಲೋನಿಯ ಕಾಂಪೌಂಡಿನಲ್ಲಿ ಕಂಬದ ಹಾಗೆ ನಿಂತಿರುವ, ನಾವು ಅಶೋಕ ಎಂದು ಕರೆಯುವ ಮರ ಬೇರೆಯೇ ಕುಲದ್ದು. ಮಾರುಕಟ್ಟೆಯಲ್ಲಿ ಅದರ ತೊಗಟೆಯನ್ನು ಬೆರೆಸುತ್ತಾರೆಂದು ಪರೀಕ್ಷಿಸಿದವರು ಮತ್ತೆ ಮತ್ತೆ ಬರೆದಿದ್ದಾರೆ. ಪುಡಿಯಾದ ಮೇಲೆ ಯಾವ ಮರವೆಂದು ಕೊಳ್ಳುವವರಿಗೆ ಹೇಗೆ ಗೊತ್ತು? ಆಯುರ್ವೇದದ ಬಗ್ಗೆ ನನಗೆ ಗೌರವವಿದೆ. ಓದಿದ ವೈದ್ಯರು ನಾಡಿ ನೋಡಿ ಕೊಡುವುದು ಬೇರೆ, ಜಾಹೀರಾತು ನೋಡಿ ನಾವೇ ತರಿಸಿಕೊಳ್ಳುವುದು ಬೇರೆ.

ಅಗಸೆ ಬೀಜದ ಬಗ್ಗೆ ಒಂದು ಮಾತು, ಏಕೆಂದರೆ ಅಗಸಿ ಹಿಂಡಿಯಿಲ್ಲದೆ ನಮ್ಮ ಕಡೆಯವರಿಗೆ ರೊಟ್ಟಿ ಇಳಿಯುವುದಿಲ್ಲ. ಮುಟ್ಟು ನಿಲ್ಲುವ ಕಾಲದ ಮೈಬಿಸಿಗೆ ಅದು ಮದ್ದೆಂದು ಪ್ರಸಿದ್ಧಿ. ಅಮೆರಿಕದ ಮೇಯೋ ಚಿಕಿತ್ಸಾಲಯದವರು ನಡೆಸಿದ, 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 188 ಹೆಂಗಸರಲ್ಲಿ ಕೆಲವರಿಗೆ ಅಗಸೆಯ ತಿನಿಸು, ಉಳಿದವರಿಗೆ ಅಗಸೆಯಿಲ್ಲದ ಅದೇ ರೂಪದ ತಿನಿಸು ಕೊಟ್ಟರು. ಎರಡು ಗುಂಪಿನಲ್ಲಿಯೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿಗೆ ಬಾಧೆ ಅರ್ಧಕ್ಕಿಳಿಯಿತು! ಕಡಿಮೆಯಾದದ್ದು ಸುಳ್ಳಲ್ಲ, ಕಾರಣ ಮಾತ್ರ ಅಗಸೆಯಲ್ಲ. ನಮ್ಮ ನೆರೆಯಾಕೆ 'ನನಗೆ ಗುಣವಾಯಿತು' ಎಂದು ಹೇಳುವ ಮಾತಿನ ಒಳಗುಟ್ಟು ಇಲ್ಲಿದೆ. ಹಿಂಡಿಯನ್ನು ಬಿಡಬೇಡಿ, ರುಚಿಗಾಗಿ ತಿನ್ನಿ.

ಹಾಗಾದರೆ ಏನು ಉಳಿಯಿತು? ಬಹಳ ಉಳಿಯಿತು, ಆದರೆ ಅದಾವುದೂ ಡಬ್ಬಿಯಲ್ಲಿ ಬರುವುದಿಲ್ಲ. ನಮ್ಮ ಊರಿನಲ್ಲಿಯೇ, ತಾರ್ನಾಕದಲ್ಲಿ, ರಾಷ್ಟ್ರೀಯ ಪೋಷಣ ಸಂಸ್ಥೆಯಿದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಆರಂಭಿಸಿದ ಪ್ರಯೋಗಾಲಯ ಅದು; 1958ರಲ್ಲಿ ಇಲ್ಲಿಗೆ ಬಂತು. ಅಲ್ಲಿನ ವಿಜ್ಞಾನಿಗಳು ಬಡ ಕುಟುಂಬಗಳ 30ರಿಂದ 60 ವರ್ಷದ ಹೆಂಗಸರ ಎಲುಬುಗಳನ್ನು ಅಳೆದು 2005ರಲ್ಲಿ ಪ್ರಕಟಿಸಿದ ಲೇಖನವನ್ನು ಅಕ್ಕನ ಕೈ ಮುರಿದ ಮೇಲೆ ನಾನು ಹುಡುಕಿ ಓದಿದೆ. ಆ ಹೆಂಗಸರಿಗೆ ಆಹಾರದಿಂದ ದೊರೆಯುತ್ತಿದ್ದ ಕ್ಯಾಲ್ಸಿಯಂ ದಿನಕ್ಕೆ 300 ಮಿಲಿಗ್ರಾಮಿಗಿಂತ ಕಡಿಮೆ. ಅದೇ ಸಂಸ್ಥೆ 2020ರಲ್ಲಿ ನಿಗದಿಪಡಿಸಿದ ಅಳತೆ ವಯಸ್ಕರಿಗೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಇದೆ. ನಮ್ಮ ಪ್ರೀತಿಯ ಜೋಳದಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಮೈಸೂರು ಕಡೆಯವರು ಈಗ ನಗುತ್ತಿರುವುದು ಕಾಣುತ್ತಿದೆ. ಆದರೆ ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವುದನ್ನು ಕಲಿಸಿದವರು ನಮ್ಮವರೇ. ಎಳ್ಳು ರಾಗಿಯನ್ನೂ ಮೀರಿಸುತ್ತದೆ. ಹಬ್ಬಕ್ಕೊಮ್ಮೆ ಹಚ್ಚುವುದನ್ನು ವಾರಕ್ಕೆರಡು ಸಲ ಹಚ್ಚಿದರೆ ಯಾರೂ ಬೇಡವೆನ್ನುವುದಿಲ್ಲ. ಇದರ ಜೊತೆಗೆ ಮೊಸರು, ಸೊಪ್ಪು, ಬೇಳೆ. ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಮೈಯೊಡ್ಡುವುದು. ಸೂರ್ಯನಿಗೆ ಬರವಿಲ್ಲದ ಈ ಊರಿನಲ್ಲಿಯೂ ಫ್ಲಾಟಿನಿಂದ ಕಾರಿಗೆ, ಕಾರಿನಿಂದ ಕಚೇರಿಗೆ ಹೋಗುವ ನಮಗೆ 'ಡಿ' ಜೀವಸತ್ವದ ಕೊರತೆ. ಎಲುಬಿಗೆ ಭಾರ ಬೀಳುವ ಕೆಲಸ, ಅಂದರೆ ನಡಿಗೆ, ಮೆಟ್ಟಿಲು, ಬಿಂದಿಗೆ ಎತ್ತುವುದು. ಹರೆಯದ ಹೆಣ್ಣುಮಕ್ಕಳಲ್ಲಿ ಈಗ ಮನೆಮನೆಗೂ ಕೇಳಿಬರುವ ಪಿ.ಸಿ.ಓ.ಎಸ್. ತೊಂದರೆಯಲ್ಲಿ, ತೂಕ ಹೆಚ್ಚಿರುವವರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ ಎಷ್ಟೋ ಜನರಿಗೆ ನಿಂತ ಮುಟ್ಟು ತಾನಾಗಿ ಮರಳುತ್ತದೆ. ನಿಜವಾದ ನಿಸರ್ಗೋಪಚಾರ ಇದು. ತಾಯಂದಿರು ಮಗಳಿಗೆ 'ದಪ್ಪಗಾದೆ' ಎಂದು ದಿನವೂ ಚುಚ್ಚುವುದನ್ನು ಬಿಟ್ಟು ತಾವೂ ಜೊತೆಗೆ ನಡೆಯಲು ಹೊರಟರೆ ಇನ್ನೂ ಬೇಗ ಫಲ ಸಿಕ್ಕೀತು.

ಇನ್ನು ಹಾರ್ಮೋನಿನ ಮಾತ್ರೆ. ಇದರ ಹೆಸರೆತ್ತಿದರೆ ನಮ್ಮವರು ಬೆದರುತ್ತಾರೆ, ಬೆದರಿಕೆಗೆ ಇತಿಹಾಸವಿದೆ. 1942ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ರೆಮರಿನ್ ಎಂಬ ಮಾತ್ರೆಯನ್ನು ಗಬ್ಬದ ಕುದುರೆಯ ಮೂತ್ರದಿಂದ ತೆಗೆಯುತ್ತಿದ್ದರು. ನೈಸರ್ಗಿಕವೆಂದರೆ ಅದಕ್ಕಿಂತ ನೈಸರ್ಗಿಕ ಯಾವುದು! ಮುಟ್ಟು ನಿಂತ ಹೆಂಗಸರೆಲ್ಲರಿಗೂ ಯೌವನ ಮರಳಿಸುವುದಾಗಿ ದಶಕಗಳ ಕಾಲ ಪ್ರಚಾರ ಮಾಡಿದರು. 2002ರಲ್ಲಿ 16,608 ಅಮೆರಿಕನ್ ಹೆಂಗಸರ ಮೇಲೆ ನಡೆಯುತ್ತಿದ್ದ ದೊಡ್ಡ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ವರ್ಷಕ್ಕೆ ಹತ್ತು ಸಾವಿರ ಮಂದಿಯಲ್ಲಿ ಸ್ತನದ ಕ್ಯಾನ್ಸರ್ ಎಂಟು, ಪಾರ್ಶ್ವವಾಯು ಎಂಟು ಹೆಚ್ಚಾಗಿದ್ದವು. ಸೊಂಟದ ಮೂಳೆಮುರಿತ ಐದು ಕಡಿಮೆಯಾಗಿದ್ದವು. ಆ ಹೆಂಗಸರ ಸರಾಸರಿ ವಯಸ್ಸು 63. ಆದರೆ ಸುದ್ದಿ ಎಲ್ಲ ವಯಸ್ಸಿನವರಿಗೂ ಹೆದರಿಕೆಯಾಗಿ ತಲುಪಿತು. ನಂತರದ ತಿಳಿವಳಿಕೆ ಹೀಗಿದೆ: 60ರೊಳಗಿನ, ಮುಟ್ಟು ನಿಂತು ಹತ್ತು ವರ್ಷ ಮೀರದ, ಬಾಧೆ ತೀವ್ರವಾಗಿರುವ, ಬೇರೆ ಅಡ್ಡಿಗಳಿಲ್ಲದ ಸ್ತ್ರೀಯರಿಗೆ ಲಾಭವೇ ಹೆಚ್ಚಿರಬಹುದು. 34ರಲ್ಲಿ ಅಂಡಾಶಯ ಕಳೆದುಕೊಂಡವರಿಗಂತೂ, ಸ್ತನದ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, ಸ್ವಾಭಾವಿಕವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡಬೇಕೆಂದು ವೈದ್ಯಶಾಸ್ತ್ರವೇ ಹೇಳುತ್ತದೆ. ಅಂದರೆ ನನ್ನ ಅಕ್ಕನಿಗೆ ಪ್ರಕೃತಿಗೆ ಹತ್ತಿರವಾದದ್ದು ಆ ಮಾತ್ರೆಯಾಗಿತ್ತು; ನಾನು ಪ್ರೀತಿಯಿಂದ ಒಯ್ದ ಲೇಹ್ಯವಲ್ಲ. ಆಕೆಗೆ ಬೇಕಾಗಿದ್ದ ಆ ಹನ್ನೊಂದು ವರ್ಷಗಳಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಥೈರಾಯ್ಡ್ ಮಾತ್ರೆ ಸೇವಿಸುವವರಿಗೂ ಇದೇ ಮಾತು. ನಮ್ಮ ಕಚೇರಿಯ ಒಬ್ಬರು ಕೊತ್ತಂಬರಿ ನೀರಿನ ಭರವಸೆಯ ಮೇಲೆ ಮಾತ್ರೆ ಬಿಟ್ಟು, ಆರು ತಿಂಗಳಲ್ಲಿ ಮುಖ ಊದಿಸಿಕೊಂಡು, ಮಂಕು ಹಿಡಿದವರಂತಾಗಿದ್ದರು. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ. ಕಬ್ಬಿಣದ, ಸುಣ್ಣದ ಮಾತ್ರೆಗಳನ್ನು ನಾಲ್ಕು ಗಂಟೆ ದೂರವಿಡಿ. ಕೊತ್ತಂಬರಿಯನ್ನು ಸಾರಿಗೆ ಹಾಕಿ. ಮತ್ತು ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಕಷಾಯ ಕಾಯಿಸುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ ಕೇಳುವುದು ಈ ನಗರಕ್ಕೆ ಹೊಸದಲ್ಲ. 1985ರಲ್ಲಿ ಇಲ್ಲಿಯೇ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಎಂಬ ಹಾರ್ಮೋನಿನ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗಕ್ಕೆ ಹಳ್ಳಿಯ ಹೆಂಗಸರನ್ನು ಸೇರಿಸಿದಾಗ, ಅದು ಪ್ರಯೋಗವೆಂದು ಅವರಿಗೆ ತಿಳಿಸಿಲ್ಲ ಎಂಬುದನ್ನು ಸ್ತ್ರೀಶಕ್ತಿ ಸಂಘಟನೆಯವರು ಪತ್ತೆಹಚ್ಚಿದರು. ಇತರ ಊರುಗಳ ಸಂಘಟನೆಗಳೊಂದಿಗೆ 1986ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಚುಚ್ಚುಮದ್ದನ್ನು ಸಾಮೂಹಿಕ ಕಾರ್ಯಕ್ರಮದಲ್ಲಿ ತರುವುದಿಲ್ಲ ಎಂಬ ಸರ್ಕಾರದ ಮಾತಿನೊಂದಿಗೆ 2000ದಲ್ಲಿ ಆ ಮೊಕದ್ದಮೆ ಮುಗಿಯಿತು. 1991ರಲ್ಲಿ ಇದೇ ಊರಿನ ಮಹಿಳೆಯರು 'ಸವಾಲಕ್ಷ ಸಂದೇಹಾಲು' ಎಂಬ ತೆಲುಗು ಪುಸ್ತಕ ತಂದರು. ಹೆಸರಿನ ಅರ್ಥ, ಒಂದೂಕಾಲು ಲಕ್ಷ ಸಂದೇಹಗಳು. ಆಗ ನಾವು ಕನ್ನಡದವರು ಸಂಘದಲ್ಲಿ ರಂಗೋಲಿ ಸ್ಪರ್ಧೆ ನಡೆಸುತ್ತಿದ್ದೆವು. ರಂಗೋಲಿ ಬೇಡವೆನ್ನುತ್ತಿಲ್ಲ, ನನಗೂ ಒಮ್ಮೆ ಬಹುಮಾನ ಬಂದಿದೆ.

ಅಕ್ಕನಿಗೆ ಈಗ 61. ಎಲುಬಿನ ಔಷಧ ನಡೆದಿದೆ, ಕೋಲು ಹಿಡಿದು ಓಡಾಡುತ್ತಾಳೆ. ಕಳೆದ ತಿಂಗಳು ಆಕೆಯ ಸೊಸೆಗೆ, 33 ವರ್ಷದವಳಿಗೆ, ಅದೇ ಪಟ್ಟಣದಲ್ಲಿ 'ಚೀಲ ತೆಗೆಸಿಬಿಡು' ಎಂದರಂತೆ. ಅಕ್ಕ ಕೋಲೂರಿಕೊಂಡು ತಾನೇ ಆಸ್ಪತ್ರೆಗೆ ಹೋಗಿ, "ಯಾತಕ್ಕ ತೆಗೀತೀರಿ? ಅಂಡಾಶಯ ಇಡ್ತೀರೋ ತೆಗೀತೀರೋ? ತೆಗೀದೇ ಬ್ಯಾರೆ ಏನು ಮಾಡ್ಬಹುದು?" ಎಂದು ಮೂರು ಪ್ರಶ್ನೆ ಕೇಳಿದ್ದಾಳೆ. ಉತ್ತರ ಸರಿಬರಲಿಲ್ಲವೆಂದು ಸೊಸೆಯನ್ನು ಕಾಚಿಗುಡದ ರೈಲು ಹತ್ತಿಸಿ ನನ್ನಲ್ಲಿಗೆ ಕಳಿಸಿದಳು. ಇಲ್ಲಿ ಪರೀಕ್ಷಿಸಿದಾಗ ತಿಳಿದದ್ದು ಥೈರಾಯ್ಡ್ ಕೊರತೆ ಮತ್ತು ರಕ್ತಹೀನತೆ. ಮಾತ್ರೆಗಳು ಶುರುವಾಗಿವೆ. ಆಕೆ ಇವತ್ತು ಈ ಸಭೆಯಲ್ಲಿಯೇ ಕುಳಿತಿದ್ದಾಳೆ.

ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ಮನೆಯ ಹೆಂಗಸರ ಹಳೆಯ ಡಿಸ್ಚಾರ್ಜ್ ಚೀಟಿಗಳನ್ನು ದಯವಿಟ್ಟು ತನ್ನಿ. ನಮ್ಮ ಸಂಘದ ಸದಸ್ಯರಾದ ಇಬ್ಬರು ವೈದ್ಯೆಯರು ಅವುಗಳನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಲು ಒಪ್ಪಿದ್ದಾರೆ. ಬಿಲ್ಲುಗಳನ್ನೂ ತನ್ನಿ, ಮೊತ್ತ ನಾನು ನೋಡುತ್ತೇನೆ.